ಸಸ್ಯಾಹಾರಿಗಳಾಗಿದ್ದರೂ ಶುಗರ್ ಗಡಿಗೆ ಬಂದಿದೆ, ಕಾಳು ತಿಂದರೆ ಗ್ಯಾಸ್: ಅನುಭವ ಇದ್ದವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ

ನನಗೆ 44 ವರ್ಷ. ಮೊದಲಿಂದಲೂ ಸಸ್ಯಾಹಾರಿ ಮನೆ ನಮ್ಮದು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆದರೂ ಈ ಸಲ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 6.1 ಬಂದಿದೆ. ಲಿವರ್‌ನಲ್ಲಿ ಕೊಬ್ಬು, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕೂಡ ಜಾಸ್ತಿ. ಕಾಳು, ಸೊಪ್ಪು, ತರಕಾರಿ ಹೆಚ್ಚು ತಿನ್ನಿ, ಕರುಳಿನ ಬ್ಯಾಕ್ಟೀರಿಯಾಗೂ ಒಳ್ಳೆಯದು, ಶುಗರ್‌ಗೂ ಒಳ್ಳೆಯದು ಎಂದರು ಡಾಕ್ಟರು. ತಿಂದರೆ ಹೊಟ್ಟೆ ಉಬ್ಬರಿಸಿ ಆಫೀಸಿನಲ್ಲಿ ಕೂರುವುದೇ ಕಷ್ಟ. ಸಸ್ಯಾಹಾರಿಗಳೇ ಆಗಿರುವ ನಾವು ಇನ್ನೇನು ಬದಲಿಸಬೇಕು? ಮೊಸರು ಬಿಡಬೇಕಾ? ಮನೆಯಲ್ಲಿ ಮಾಡಿ ನೋಡಿದವರು ಹೇಳಿ.

ತುಮಕೂರಿನಿಂದ

ಸರ್, ನಮ್ಮ ಯಜಮಾನರದ್ದೂ ಇದೇ ಕಥೆ. ಮಾಂಸ ಇಲ್ಲ, ಕುಡಿತ ಇಲ್ಲ, ಆದರೂ ಶುಗರ್ ಬಂತು. ತಟ್ಟೆಯಲ್ಲಿ ಏನಿತ್ತು ಅಂತ ನೋಡಿದರೆ ಉತ್ತರ ಅಲ್ಲೇ ಸಿಕ್ಕಿತು. ಬೆಳಗ್ಗೆ ಇಡ್ಲಿ ಅಥವಾ ಉಪ್ಪಿಟ್ಟು. ಮಧ್ಯಾಹ್ನ ಅನ್ನ ಸಾರು, ಮೇಲೆ ಮೊಸರನ್ನ. ಸಂಜೆ ಕಾಫಿ ಜೊತೆ ಬಿಸ್ಕತ್ತು. ರಾತ್ರಿ ಮತ್ತೆ ಅನ್ನ. ಪಲ್ಯ ಅಂದರೆ ಉಪ್ಪಿನಕಾಯಿ ಥರ ತಟ್ಟೆಯ ಅಂಚಿಗೆ ಒಂದು ಚಮಚ. ಇದನ್ನು ಸಸ್ಯಾಹಾರ ಅನ್ನಬಹುದು, ಆದರೆ ಅದರಲ್ಲಿ ಇದ್ದದ್ದೆಲ್ಲ ಅಕ್ಕಿ, ರವೆ, ಮೈದಾ, ಸಕ್ಕರೆ.

ನಾನು ಬೇರೆ ಅಡುಗೆ ಏನೂ ಕಲಿಯಲಿಲ್ಲ. ಬಡಿಸುವ ಲೆಕ್ಕ ಬದಲಿಸಿದೆ, ಅಷ್ಟೇ. ಮೊದಲು ಪಲ್ಯ ಮತ್ತು ಕೋಸಂಬರಿ ಅರ್ಧ ತಟ್ಟೆ ತುಂಬಬೇಕು. ಅನ್ನ ಒಂದು ಸಣ್ಣ ಬಟ್ಟಲು, ಅದೂ ಕೊನೆಗೆ.

ಗ್ಯಾಸ್ ವಿಷಯಕ್ಕೆ ಬರುತ್ತೇನೆ. ಹೆಸರುಕಾಳಿನಿಂದ ಶುರು ಮಾಡಿ. ಕಡಲೆಕಾಳು, ಅಲಸಂದೆ, ರಾಜ್ಮಾ ಈಗ ಬೇಡ. ರಾತ್ರಿ ನೆನೆಸಿ, ಬೆಳಗ್ಗೆ ಆ ನೀರು ಚೆಲ್ಲಿ, ಎರಡು ಸಲ ತೊಳೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಬಿಳಿ ತುದಿ ತೋರಿಸಿದರೆ ಸಾಕು. ಹಸಿಯಾಗಿ ತಿನ್ನಬೇಡಿ, ಬೆರಳಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಬೇಯಿಸಿ. ಒಗ್ಗರಣೆಗೆ ಇಂಗು, ಶುಂಠಿ, ಜೀರಿಗೆ. ಮೊದಲ ವಾರ ಊಟಕ್ಕೆ ಎರಡು ದೊಡ್ಡ ಚಮಚ ಮಾತ್ರ. ಹೊಟ್ಟೆ ಸುಮ್ಮನಿದ್ದರೆ ಮುಂದಿನ ವಾರ ಇನ್ನೆರಡು. ನೀರು ಚೆನ್ನಾಗಿ ಕುಡಿಯಿರಿ, ನಾರು ಜಾಸ್ತಿಯಾಗಿ ನೀರು ಕಮ್ಮಿಯಾದರೆ ಮಲಬದ್ಧತೆ ಆಗುತ್ತದೆ.

ಮೈಸೂರಿನಿಂದ, ಡಯಟಿಷಿಯನ್

ಮೇಲೆ ತುಮಕೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಯಾಕೆ ಅಂತ ಸ್ವಲ್ಪ ಹೇಳುತ್ತೇನೆ.

ಗ್ಯಾಸ್ ಬಂದಿದೆ ಅಂದರೆ ಕಾಳು ನಿಮಗೆ ಆಗಿಬರುವುದಿಲ್ಲ ಅಂತಲ್ಲ. ಕಾಳಿನಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಅವು ನಾರಿನ ಜೊತೆ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸುತ್ತವೆ. ಆಗ ಗ್ಯಾಸ್ ಹುಟ್ಟುತ್ತದೆ, ಜೊತೆಗೆ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನ ಆಮ್ಲಗಳೂ ಹುಟ್ಟುತ್ತವೆ. ನಮಗೆ ಬೇಕಾದದ್ದು ಇವೇ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಹೊಟ್ಟೆ ತುಂಬಿತು ಅನ್ನಿಸುವ, ಇನ್ಸುಲಿನ್‌ಗೆ ನೆರವಾಗುವ ಜಿಎಲ್‌ಪಿ-1 ಹಾರ್ಮೋನ್ ಬಿಡುಗಡೆಗೂ ಈ ಆಮ್ಲಗಳು ಪ್ರಚೋದನೆ ಕೊಡುತ್ತವೆ. ನಾರು ಕಮ್ಮಿ ತಿಂದು ಅಭ್ಯಾಸವಾದ ಕರುಳಿಗೆ ಒಮ್ಮೆಲೇ ಇದೆಲ್ಲ ಸುರಿದರೆ ಉಬ್ಬರ ಆಗಿಯೇ ಆಗುತ್ತದೆ. ನಿಧಾನ ಮಾಡಿದರೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಒಗ್ಗುತ್ತದೆ. ಒಗ್ಗದೆ ನೋವು, ಭೇದಿ, ತೂಕ ಇಳಿಯುವುದು, ಮಲದಲ್ಲಿ ರಕ್ತ ಕಂಡರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಶುಗರ್ ಬಗ್ಗೆ ದೇಶಾದ್ಯಂತ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಪ್ರಕಾರ ನಮ್ಮ ದೇಶದವರ ಕ್ಯಾಲರಿಯಲ್ಲಿ ಶೇ. 62ರಷ್ಟು ಬರುವುದು ಪಿಷ್ಟ, ಸಕ್ಕರೆಗಳಿಂದ. ಅದರಲ್ಲಿ ಪಾಲಿಶ್ ಮಾಡಿದ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 3 ಗ್ರಾಂ ನಾರು, ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ. ಬರೀ ಅನ್ನ ಸಾರಿನಲ್ಲಿ 25 ಮುಟ್ಟುವುದು ಎಲ್ಲಿಂದ ಬಂತು?

ಇನ್ನೊಂದು, ಬಗೆಬಗೆ ತಿನ್ನಿ. ಜನರ ಕರುಳಿನ ಬ್ಯಾಕ್ಟೀರಿಯಾ ಪರೀಕ್ಷಿಸಿದ ಅಮೆರಿಕನ್ ಗಟ್ ಯೋಜನೆಯ 2018ರ ವರದಿಯಲ್ಲಿ, ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯ ತಿನ್ನುವವರ ಕರುಳಿನಲ್ಲಿ, 10ಕ್ಕಿಂತ ಕಮ್ಮಿ ತಿನ್ನುವವರಿಗಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಕಂಡಿದ್ದವು. 30 ಅಂದರೆ ಗಾಬರಿ ಬೇಡ. ತೊಗರಿಬೇಳೆ, ನುಗ್ಗೆ, ದಂಟಿನ ಸೊಪ್ಪು, ಹೀರೆಕಾಯಿ, ಎಳ್ಳು, ಶೇಂಗಾ, ಸೀಬೆಹಣ್ಣು ಅಂತ ವಾರಪೂರ್ತಿ ಎಣಿಸುತ್ತಾ ಹೋಗಿ. ದಿನಾ ಅದೇ ಹುರುಳಿಕಾಯಿ, ಕ್ಯಾರೆಟ್ಟು, ಆಲೂಗಡ್ಡೆ ತರುವ ಮನೆಗಳಲ್ಲೇ ಲೆಕ್ಕ ಹತ್ತು ದಾಟುವುದಿಲ್ಲ.

ಮಂಡ್ಯದಿಂದ

ಅಣ್ಣಾ, ನಾವು ಮಾಂಸ ತಿನ್ನುವವರು. ನನಗೂ ಶುಗರ್ ಗಡಿಯಲ್ಲೇ ಇತ್ತು, ಮಾಂಸ ಪೂರ್ತಿ ಬಿಡದೆಯೇ ಕೆಳಗೆ ಬಂದಿದೆ. ಭಾನುವಾರದ ಬಾಡೂಟ ಉಳಿಸಿಕೊಂಡೆ, ವಾರದ ಉಳಿದ ದಿನ ಸೊಪ್ಪು ಕಾಳು. ದಿನಾ ಸಂಜೆ ನಡೆಯುತ್ತೇನೆ ಕೂಡ, ಅದನ್ನೂ ಹೇಳಬೇಕಲ್ವಾ.

ಬಸ್ಸಾರು ಮಾಡುವವರಿಗೆ ಒಂದು ಮಾತು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ನಾರೆಲ್ಲ ಪಲ್ಯದಲ್ಲಿ ಉಳಿಯುತ್ತದೆ. ನಮ್ಮಲ್ಲಿ ಗಂಡಸರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿ ಎದ್ದುಬಿಡುತ್ತಾರೆ, ಪಲ್ಯ ಪಾತ್ರೆಯಲ್ಲೇ ಇರುತ್ತದೆ. ಪಲ್ಯ ಮೊದಲು ತಿನ್ನಿ. ರಾಗಿ ಹಿಟ್ಟು ಮಿಲ್ಲಿನಿಂದ ತಂದಮೇಲೆ ಜರಡಿ ಹಿಡಿದು ತೌಡು ಚೆಲ್ಲಬೇಡಿ. ರಾಗಿ ಒಳ್ಳೆಯದು ಅಂತ ಎರಡು ದೊಡ್ಡ ಮುದ್ದೆ ಹೊಡೆದರೂ ಶುಗರ್ ಏರುತ್ತದೆ, ಒಂದು ಸಣ್ಣದು ಸಾಕು. ರಾಗಿ ಮಾಲ್ಟ್ ಅಂತೂ ಸಕ್ಕರೆ ಹಾಕಿ ಕುಡಿಯಲೇಬೇಡಿ.

ಕ್ಯಾಲಿಫೋರ್ನಿಯಾದಿಂದ

ಹುಟ್ಟಿದ್ದು ಹಾಸನ, ಈಗ ಸ್ಯಾನ್ ಹೊಸೆಯಲ್ಲಿದ್ದೇನೆ. ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟು ಪೂರ್ತಿ ವೀಗನ್ ಆಗಿದ್ದೇನೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಚೆನ್ನಾಗಿ ಇಳಿಯಿತು, ವಿಟಮಿನ್ ಬಿ12 ಮಾತ್ರ ತುಂಬಾ ಕಮ್ಮಿಯಾಗಿ ಅಂಗಾಲು ಜುಮುಗುಟ್ಟುತ್ತಿತ್ತು. ಈಗ ಮಾತ್ರೆ ತಪ್ಪಿಸುವುದಿಲ್ಲ.

ಇಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಒಂದೇ ರೂಪಿನ 22 ಜೋಡಿ ಅವಳಿಗಳ ಮೇಲೆ ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿದರು. ಜೋಡಿಯಲ್ಲಿ ಒಬ್ಬರಿಗೆ ವೀಗನ್ ಊಟ, ಇನ್ನೊಬ್ಬರಿಗೆ ಮಾಂಸವೂ ಇರುವ ಒಳ್ಳೆಯ ಊಟ, 8 ವಾರ. ವೀಗನ್ ಕಡೆಯವರಿಗೆ ಎಲ್‌ಡಿಎಲ್ ಮತ್ತು ಖಾಲಿ ಹೊಟ್ಟೆಯಲ್ಲಿ ಅಳೆದ ಇನ್ಸುಲಿನ್ ಜಾಸ್ತಿ ಇಳಿದಿತ್ತು. ಆದರೆ ಇನ್ನೊಂದು ಕಡೆಯೂ ಇದೆ. ಯುರೋಪು, ಅಮೆರಿಕದ 21,561 ಜನರ ಕರುಳಿನ ಬ್ಯಾಕ್ಟೀರಿಯಾ ನೋಡಿದ 2025ರ ಅಧ್ಯಯನದಲ್ಲಿ, ಮಾಂಸ ತಿನ್ನುವವರಲ್ಲೂ ಸಸ್ಯಾಹಾರ ಹೆಚ್ಚು ತಿನ್ನುವವರಿಗೆ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚಿದ್ದವು. ಮಂಡ್ಯದವರ ಮಾತಿಗೆ ಇದು ಹೊಂದುತ್ತದೆ.

ಮೊಸರು ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಕಾಗಿಲ್ಲ. ಸ್ಟ್ಯಾನ್‌ಫೋರ್ಡ್‌ನದ್ದೇ 2021ರ ಇನ್ನೊಂದು ಸಣ್ಣ ಅಧ್ಯಯನದಲ್ಲಿ ಮೊಸರಿನಂಥ ಹುದುಗಿದ ಆಹಾರ ತಿಂದವರಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಿ, ಉರಿಯೂತದ ಗುರುತುಗಳು ಕಮ್ಮಿಯಾಗಿದ್ದವು. ಬರೀ ನಾರು ಹೆಚ್ಚಿಸಿದವರ ಗುಂಪಿನಲ್ಲಿ ಬಗೆಗಳು ಅಷ್ಟು ಬೇಗ ಹೆಚ್ಚಲಿಲ್ಲ. ಹಾಗಾಗಿ ಕಾಳು ಪಲ್ಯದ ಜೊತೆ ಮನೆಯ ಮಜ್ಜಿಗೆ ಇರಲಿ. ಅನ್ನದ ರಾಶಿಯ ಮೇಲೆ ಸುರಿದುಕೊಳ್ಳುವ ಮೊಸರಿನ ಲೆಕ್ಕ ಬೇರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯವಳಿಗೂ ಓದಿಸಿದೆ. ಎರಡು ಸಂದೇಹ. ಕರುಳಿನ ಬ್ಯಾಕ್ಟೀರಿಯಾ ಟೆಸ್ಟ್ ಮಾಡುತ್ತೇವೆ ಅಂತ ಜಾಹೀರಾತು ಬರುತ್ತಿದೆ, ಮಾಡಿಸಬೇಕಾ? ಮತ್ತೆ ನಮ್ಮ ತಂದೆಗೂ ಶುಗರ್ ಇದೆ, ಕಿಡ್ನಿ ಸ್ವಲ್ಪ ತೊಂದರೆ ಇದೆ. ಅವರಿಗೂ ಇದೇ ಊಟ ಕೊಡಬಹುದಾ?

ಮೈಸೂರಿನಿಂದ, ಡಯಟಿಷಿಯನ್

ಟೆಸ್ಟ್ ಬೇಡ. ಅದರ ವರದಿ ನೋಡಿ ಚಿಕಿತ್ಸೆ ಬದಲಿಸುವಷ್ಟು ಪುರಾವೆ ಇನ್ನೂ ಇಲ್ಲ. ಆ ದುಡ್ಡಿಗೆ ಸೊಪ್ಪು, ಹಣ್ಣು ತನ್ನಿ. ನೀವು ನೋಡಬೇಕಾದದ್ದು ಮೂರು ತಿಂಗಳ ನಂತರದ ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್, ಸೊಂಟದ ಅಳತೆ. ಬಿ12 ಈಗಲೇ ಒಮ್ಮೆ ನೋಡಿಸಿ, ಮೊಟ್ಟೆ ಮಾಂಸ ತಿನ್ನದ ಮನೆಗಳಲ್ಲಿ ಅದು ಕಮ್ಮಿ ಇರುವುದು ಸಾಮಾನ್ಯ.

ತಂದೆಯವರಿಗೆ ಮಾತ್ರ ಇದನ್ನು ಹಾಗೇ ಕೊಡಬೇಡಿ. ಕಿಡ್ನಿ ತೊಂದರೆ ಇದ್ದರೆ ಪೊಟ್ಯಾಸಿಯಂ ರಕ್ತದಲ್ಲಿ ಏರಬಹುದು, ಸೊಪ್ಪು, ಕಾಳು, ಎಳನೀರು, ಬಾಳೆಹಣ್ಣಿನಲ್ಲಿ ಅದು ಜಾಸ್ತಿ. ಅವರ ಕಿಡ್ನಿ ಡಾಕ್ಟರಿಗೆ ಇತ್ತೀಚಿನ ರಕ್ತ ಪರೀಕ್ಷೆ ತೋರಿಸಿ, ಎಷ್ಟು ಕೊಡಬಹುದು ಅಂತ ಕೇಳಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅವರ ಬಿ12 ಕೂಡ ನೋಡಿಸಿ, ಆ ಮಾತ್ರೆಯೂ ಅದನ್ನು ಇಳಿಸಬಹುದು. ಶುಗರ್ ಇಳಿಸುವ ಬೇರೆ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ, ಅನ್ನ ಕಮ್ಮಿ ಮಾಡುವ ಮೊದಲೇ ಡಾಕ್ಟರಿಗೆ ತಿಳಿಸಿ. ಊಟ ಬದಲಾಗಿ ಡೋಸ್ ಹಳೆಯದೇ ಉಳಿದರೆ ಶುಗರ್ ಲೋ ಆಗಬಹುದು.

ತುಮಕೂರಿನಿಂದ

ಸರ್, ನಿಮ್ಮ ಮನೆಯವರಿಗೆ ಹೇಳಿ: ಹೆಸರುಕಾಳು ಒಗ್ಗಿದ ಮೇಲೆ ಹುರುಳಿಕಾಳಿಗೆ ಹೋಗಲಿ. ಅದು ಗಟ್ಟಿ, ರಾತ್ರಿಯಿಡೀ ನೆನೆಯಬೇಕು, ಕುಕ್ಕರ್‌ನಲ್ಲಿ ಹೆಸರುಕಾಳಿಗಿಂತ ಹೆಚ್ಚು ವಿಷಲ್ ಬೇಕು. ಮೊಳಕೆ ಹುರುಳಿ ಸಾರಿಗೆ ಬೆಳ್ಳುಳ್ಳಿ ಧಾರಾಳವಾಗಿ ಹಾಕಲಿ.