ಜಾಕ್ ಬದಲಿಸಿದರೂ ಕ್ರೇನಿನ ಕೊಕ್ಕೆ ಇಳಿಯುತ್ತದೆ: ದೋಷ ಎಲ್ಲಿದೆ?

ಪ್ರಶ್ನೆ (ಅಂತಿಮ ವರ್ಷದ ತಂಡ):

ನಮಸ್ಕಾರ. ಮಡಚಿ ಸಾಗಿಸಬಹುದಾದ, 500 ಕೆಜಿ ಎತ್ತುವ ಗಾಲಿ ಕ್ರೇನನ್ನು ನಾವು ನಾಲ್ವರು ಮೆಕ್ಯಾನಿಕಲ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ತಯಾರಿಸಿದ್ದೇವೆ. ಬೂಮಿಗೆ (ಕೊಕ್ಕೆ ತೂಗುವ ತೋಳಿಗೆ) 60 ಮಿ.ಮೀ. ಅಗಲದ, 3 ಮಿ.ಮೀ. ದಪ್ಪದ ಚೌಕ ಪೈಪನ್ನು ಬಳಸಿದ್ದೇವೆ. ಕಂಬದ ಮೇಲಿನ ಪಿನ್ನಿನಿಂದ 45 ಸೆಂ.ಮೀ. ದೂರದಲ್ಲಿ 2 ಟನ್ನಿನ ಬಾಟಲ್ ಜಾಕ್ (ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಸಾಧನ) ಬೂಮನ್ನು ತಳ್ಳುತ್ತದೆ; ಬೂಮ್ ಮಟ್ಟಸವಾಗಿರುವಾಗ ಜಾಕಿಗೂ ಬೂಮಿಗೂ ನಡುವಿನ ಕೋನ 60 ಡಿಗ್ರಿ. ಬೂಮನ್ನು ಪೂರ್ತಿ ಹೊರಗೆಳೆದರೆ ಕೊಕ್ಕೆ ಕಂಬದಿಂದ 1.4 ಮೀ. ದೂರದಲ್ಲಿರುತ್ತದೆ.

ಆ ಸ್ಥಿತಿಯಲ್ಲಿ 300 ಕೆಜಿ ಎತ್ತಿ ಕ್ರೇನನ್ನು ತುಸು ತಳ್ಳಿದರೆ ಟಕ್ ಎಂಬ ಸದ್ದಾಗಿ ಕೊಕ್ಕೆ ಸುಮಾರು 1 ಸೆಂ.ಮೀ. ಕೆಳಗಿಳಿದು ನಿಲ್ಲುತ್ತದೆ. ಇಳಿಸಿ ಮತ್ತೆ ಎತ್ತಿದರೆ ಮತ್ತೆ ಅದೇ ಕಥೆ. ಜಾಕಿನ ಸೀಲ್ ಸೋರುತ್ತಿರಬಹುದೆಂದು ಬೇರೆ ಜಾಕ್ ಹಾಕಿದೆವು, ವ್ಯತ್ಯಾಸವಾಗಲಿಲ್ಲ. ತಳ್ಳುವಾಗ ಹಿಂದಿನ ಗಾಲಿಗಳು ಒಮ್ಮೊಮ್ಮೆ ನೆಲ ಬಿಡುತ್ತವೆ ಎಂಬುದೂ ನಿಜ. ಮೂರನೆಯ ಜಾಕ್ ತರುವ ಮೊದಲು ಬಲ್ಲವರ ಸಲಹೆ ಬೇಕು.

ಉತ್ತರ 1:

ಬಾಟಲ್ ಜಾಕನ್ನು ಓರೆಯಾಗಿ ಕೂರಿಸುವಾಗ ಅದರ ಪಂಪ್ ಇರುವ ಬದಿ ಕೆಳಮುಖವಾಗಿರಬೇಕು. ಇಲ್ಲದಿದ್ದರೆ ಪಂಪ್ ಎಣ್ಣೆಯ ಬದಲು ಗಾಳಿ ಎಳೆಯುತ್ತದೆ. ಒಮ್ಮೆ ನೋಡಿ.

ಉತ್ತರ 2 (ಫ್ಯಾಬ್ರಿಕೇಶನ್ ಕೆಲಸದವನು):

ಮೇಲಿನ ಮಾತು ಸರಿ. ಆದರೆ ಜಾಕ್ ಸೋರಿದರೆ ಕೊಕ್ಕೆ ಸದ್ದಿಲ್ಲದೆ, ನಿಲ್ಲದೆ ಇಳಿಯುತ್ತಾ ಹೋಗುತ್ತದೆ. ಟಕ್ ಎಂದು ಇಳಿದು ನಿಂತುಬಿಡುವುದು ಸೋರಿಕೆಯ ಲಕ್ಷಣವಲ್ಲ. ಊಹೆ ಬೇಡ. ಭಾರ ಎತ್ತಿದ ಮೇಲೆ ಜಾಕಿನ ರಾಡ್ ಹೊರಬರುವ ಅಂಚಿನಲ್ಲಿಯೇ ಮಾರ್ಕರಿನಿಂದ ತೆಳುವಾದ ಗೆರೆ ಎಳೆದು, ಕೊಕ್ಕೆ ಇಳಿದ ನಂತರ ಅದನ್ನು ನೋಡಿ. ಗೆರೆ ಒಳಗೆ ಹೋಗಿದ್ದರೆ ತಪ್ಪು ಜಾಕಿನದು, ಇದ್ದಲ್ಲೇ ಇದ್ದರೆ ಜಾಕ್ ನಿರಪರಾಧಿ. ಆಗ ಭಾರವನ್ನು ಪೂರ್ತಿ ಇಳಿಸಿ, ಬೂಮಿಗೆ ಆಧಾರ ಕೊಟ್ಟು, ಜಾಕಿನ ಮೇಲ್ತುದಿಯ ಪಿನ್ನನ್ನು ಹೊರತೆಗೆದು ಗಾಜಿನ ಮೇಲೆ ಉರುಳಿಸಿ. ಬೂಮಿನಲ್ಲಿ ಆ ಪಿನ್ನು ಕೂರುವ ತೂತನ್ನು ಎರಡು ದಿಕ್ಕಿನಲ್ಲೂ ಅಳೆಯಿರಿ. ಪಿನ್ನಿನ ವ್ಯಾಸ, ಜಾಕಿನ ತಲೆಯ ಕಣ್ಣಿನ (ಪಿನ್ನು ತೂರುವ ತುಂಡಿನ) ಅಗಲ, ಇದುವರೆಗೆ ಎತ್ತಿದ ಅತಿ ಹೆಚ್ಚಿನ ಭಾರ, ಇವನ್ನೂ ತಿಳಿಸಿ.

ತಂಡ:

ಗೆರೆ ಕದಲಲಿಲ್ಲ. ಪಿನ್ನು 12 ಮಿ.ಮೀ. ವ್ಯಾಸದ್ದು, ಉರುಳಿಸಿದಾಗ ನಡುಭಾಗ ಗಾಜಿನಿಂದ ಎದ್ದು ಎದ್ದು ಬೀಳುತ್ತಿತ್ತು, ಅಂದರೆ ಬಾಗಿದೆ. ತೂತು ಅಡ್ಡಕ್ಕೆ 12, ಜಾಕ್ ತಳ್ಳುವ ದಿಕ್ಕಿನಲ್ಲಿ 15 ಮಿ.ಮೀ. ಇದೆ, ಅಂಚಿನಲ್ಲಿ ಪೇಂಟ್ ಬಿರಿದು ಲೋಹ ಹೊಳೆಯುತ್ತಿದೆ. ಕಣ್ಣಿನ ಅಗಲ 30 ಮಿ.ಮೀ. ಮೊದಲ ದಿನ 1.25 ಪಟ್ಟು ಪರೀಕ್ಷೆಗೆಂದು ಪೂರ್ತಿ ಹೊರಗೆಳೆದ ಬೂಮಿನಲ್ಲಿ 625 ಕೆಜಿ ಎತ್ತಿದ್ದೆವು. ಕ್ರೇನ್ ಮುಗ್ಗರಿಸದಿರಲೆಂದು ಇಬ್ಬರು ಹಿಂದಿನ ಅಡ್ಡಪಟ್ಟಿಯ ಮೇಲೆ ನಿಂತಿದ್ದರು.

ಉತ್ತರ 2:

ಕಳ್ಳ ಸಿಕ್ಕಿದ. ಲೆಕ್ಕ ಹೀಗಿದೆ. ಜಾಕಿನ ಬಲಕ್ಕೆ ಸಿಗುವ ಲಂಬ ದೂರ 0.45 ಮೀ.ನ ಸೈನ್ 60 ಪಾಲು, ಅಂದರೆ 0.39 ಮೀ. 625 ಕೆಜಿ 1.4 ಮೀ.ನಲ್ಲಿ ತೂಗಿದಾಗ, ಬೂಮಿನ ಸ್ವಂತ ತೂಕ 20 ಕೆಜಿ ಎಂದಿಟ್ಟುಕೊಂಡರೆ, ಆ ಪಿನ್ನಿನ ಮೇಲೆ ಸುಮಾರು 22.4 ಕಿಲೋನ್ಯೂಟನ್ ಬಲ ಬೀಳುತ್ತದೆ. ಅದನ್ನು ತಡೆಯಲು ನೀವು ಕೊಟ್ಟಿರುವುದು 12 ಮಿ.ಮೀ. ಪಿನ್ನಿಗೆ ತಾಗುವ, ಪೈಪಿನ 3 ಮಿ.ಮೀ.ನ ಎರಡು ಗೋಡೆಗಳು, ಅಂದರೆ 72 ಚದರ ಮಿ.ಮೀ. ಮಾತ್ರ. ಒತ್ತಡ 311 ಮೆಗಾಪ್ಯಾಸ್ಕಲ್. ಸಾಮಾನ್ಯ ಮೈಲ್ಡ್ ಸ್ಟೀಲಿನ ಯೀಲ್ಡ್ ಮಿತಿಯೇ (ಲೋಹ ಶಾಶ್ವತವಾಗಿ ಆಕಾರ ಕೆಡಲು ಶುರುವಾಗುವ ಒತ್ತಡ) ಸುಮಾರು 250. ತೂತು ಹಿಗ್ಗಿದ್ದು ಆ ದಿನವೇ. ಕೊಕ್ಕೆಯ ಚಲನೆ ಜಾಕಿನದಕ್ಕಿಂತ 3.6 ಪಟ್ಟು ಇರುವುದರಿಂದ ತೂತಿನ 3 ಮಿ.ಮೀ. ಸಡಿಲ ಕೊಕ್ಕೆಯಲ್ಲಿ 11 ಮಿ.ಮೀ. ಆಗಿ ಕಾಣುತ್ತದೆ, ಇದು ನೀವು ಹೇಳಿದ 1 ಸೆಂ.ಮೀ.ಗೆ ಹತ್ತಿರದ್ದೇ. ಎತ್ತುವಾಗ ಬಾಗಿದ ಪಿನ್ನು ತೂತಿನ ಬದಿಯಲ್ಲಿ ಸಿಕ್ಕಿಕೊಂಡಿರುತ್ತದೆ, ತಳ್ಳಿದೊಡನೆ ಜಾರುತ್ತದೆ. ಪಿನ್ನು ಬಾಗಲು ಕಾರಣ ಕಣ್ಣಿನ ಎರಡೂ ಬದಿ ಖಾಲಿ ಬಿಟ್ಟ 12 ಮಿ.ಮೀ. ಜಾಗ.

ಪೈಪಿನ ಎರಡೂ ಬದಿಗೆ ಹೊರಗಿನಿಂದ 6 ಮಿ.ಮೀ. ಪಟ್ಟಿ ವೆಲ್ಡ್ ಮಾಡಿ, ಆಮೇಲೆ ಒಂದೇ ಸಲಕ್ಕೆ ಅಡ್ಡಲಾಗಿ 20 ಮಿ.ಮೀ. ತೂತು ಕೊರೆಯಿರಿ. ಕಣ್ಣನ್ನು 50 ಮಿ.ಮೀ. ಅಗಲದ್ದಾಗಿ ಹೊಸದಾಗಿ ಮಾಡಿ. ಆದರೆ ಅದನ್ನು ಜಾಕಿನ ರಾಡಿಗೆ ವೆಲ್ಡ್ ಮಾಡಬೇಡಿ. ಶಾಖಕ್ಕೆ ಸೀಲ್ ಕರಗುತ್ತದೆ. ರಾಡಿನ ಮೇಲೆ ಕೂರುವ ಟೋಪಿಯಂತೆ ಪ್ರತ್ಯೇಕವಾಗಿ ಮಾಡಿ.

ಇನ್ನು ಹಿಂದಿನ ಗಾಲಿಗಳ ವಿಷಯ. ನನ್ನ ದೃಷ್ಟಿಯಲ್ಲಿ ತೂತಿಗಿಂತ ಇದೇ ಅಪಾಯಕಾರಿ. ಮುಂದಿನ ಗಾಲಿ ಕಂಬದಿಂದ ಎಷ್ಟು ದೂರವಿದೆ, ಕ್ರೇನಿನ ತೂಕವೆಷ್ಟು, ಆ ತೂಕ ಎಲ್ಲಿ ಕೇಂದ್ರೀಕರಿಸಿದೆ?

ತಂಡ:

ಮುಂದಿನ ಗಾಲಿ 1.2 ಮೀ. ದೂರದಲ್ಲಿದೆ. ಕ್ರೇನಿನ ತೂಕ 90 ಕೆಜಿ. ಗುರುತ್ವ ಕೇಂದ್ರ ಕಂಬದಿಂದ 0.4 ಮೀ. ಮುಂದಿದೆ.

ಉತ್ತರ 2:

ಹಾಗಿದ್ದರೆ ಕೊಕ್ಕೆ ಗಾಲಿಯ ಗೆರೆಯನ್ನು 20 ಸೆಂ.ಮೀ. ದಾಟಿದೆ. ಉರುಳಿಸುವ ಪಾಲು 300 ಕೆಜಿಗೆ 60 ಕೆಜಿ-ಮೀಟರ್, ತಡೆಯುವ ಪಾಲು 90ರ 0.8 ಪಟ್ಟು, ಅಂದರೆ 72. ಭಾರ ತುಸು ತೂಗಾಡಿದರೂ ಆ ಅಂತರ ಮಾಯ. 500 ಕೆಜಿಗೆ ಉರುಳಿಸುವ ಪಾಲು 100 ಆಗುತ್ತದೆ, ಅಂದರೆ ಕ್ರೇನ್ ನಿಂತಲ್ಲೇ ಮುಂದಕ್ಕೆ ಮಗುಚುತ್ತದೆ. ಇಬ್ಬರನ್ನು ಹಿಂದೆ ನಿಲ್ಲಿಸಿ ಮಾಡಿದ ಪರೀಕ್ಷೆಯಲ್ಲಿ ಪಾಸಾದದ್ದು ಅವರ ತೂಕವೇ ಹೊರತು ನಿಮ್ಮ ವಿನ್ಯಾಸವಲ್ಲ. ಅವರಿಬ್ಬರೂ ಕೆಳಗಿಳಿದಿದ್ದರೆ ಏನಾಗುತ್ತಿತ್ತೆಂದು ನೀವೇ ಲೆಕ್ಕ ಹಾಕಿ.

ಹಿಂದೆ ಪ್ರತಿಭಾರ ಕಟ್ಟುವ ಯೋಚನೆ ಬರಬಹುದು, ಆದರೆ ಹೊತ್ತೊಯ್ಯುವ ಕ್ರೇನಿಗೆ ಅದು ಹೊರೆ. ಮೇಲಾಗಿ ಯಾರಾದರೂ ಅದನ್ನು ಹಾಕುವುದನ್ನು ಮರೆಯುವ ದಿನ ಬಂದೇ ಬರುತ್ತದೆ. ಬೂಮನ್ನು ಬೇಕಾದ ಉದ್ದಕ್ಕೆ ಹೊರಗೆಳೆದು ನಿಲ್ಲಿಸುವ ತೂತುಗಳಲ್ಲಿ ಕೊನೆಯದನ್ನೇ ಮುಚ್ಚಿಬಿಡಿ. ಉಳಿದ ಪ್ರತಿಯೊಂದು ತೂತಿನ ಪಕ್ಕದಲ್ಲಿ ಅಲ್ಲಿ ಎತ್ತಬಹುದಾದ ಭಾರವನ್ನು ಪೇಂಟಿನಲ್ಲಿ ಬರೆಯಿರಿ.

ತಂಡ (ಹನ್ನೆರಡು ದಿನಗಳ ನಂತರ):

ಪಟ್ಟಿ, 20 ಮಿ.ಮೀ. ಪಿನ್ನು, ಅಗಲದ ಕಣ್ಣು ಎಲ್ಲವನ್ನೂ ಹಾಕಿದೆವು. ಕೊನೆಯ ತೂತನ್ನು ವೆಲ್ಡ್ ಮಾಡಿ ಮುಚ್ಚಿದ್ದರಿಂದ ಈಗ ಕೊಕ್ಕೆ ಹೆಚ್ಚೆಂದರೆ 1.1 ಮೀ.ವರೆಗೆ ಹೋಗುತ್ತದೆ. ಅಲ್ಲಿ 625 ಕೆಜಿಯನ್ನು ನೆಲದಿಂದ ಒಂದು ಗೇಣು ಮಾತ್ರ ಎತ್ತಿ, ಕೆಳಗೆ ಮರದ ದಿಮ್ಮಿಗಳನ್ನಿಟ್ಟು, ಎಲ್ಲರೂ ದೂರ ನಿಂತು ಹತ್ತು ನಿಮಿಷ ಕಾದೆವು. ಸದ್ದಿಲ್ಲ, ಮಾರ್ಕರಿನ ಗೆರೆ ಕದಲಲಿಲ್ಲ, ಹಿಂದಿನ ಗಾಲಿಗಳ ಕೆಳಗೆ ಸಿಕ್ಕಿಸಿದ್ದ ಕಾಗದ ಎಳೆದರೂ ಬರಲಿಲ್ಲ. ಇಳಿಸಿದ ಮೇಲೆ ಪಿನ್ನನ್ನು ತೆಗೆದು ಮತ್ತೆ ಗಾಜಿನ ಮೇಲೆ ಉರುಳಿಸಿದೆವು. ಈ ಸಲ ನೇರವಾಗಿ ಉರುಳಿತು.