ಪಟ್ಟಣ ಅಂದ್ರೆ ಪಾಪದ ಗೂಡು ಅಂತ ಬೈಬಲ್ ಹೇಳುತ್ತಾ?

ಕೌಲ್‌ಬಜಾರ್ ಹುಡುಗ:
ಭಾನುವಾರ ಆರಾಧನೆಯಲ್ಲಿ ಕೇಳಿದ ಮಾತು ಇದು. ಮೊದಲ ಪಟ್ಟಣ ಕಟ್ಟಿದವನು ಕಾಯಿನ, ತಮ್ಮನನ್ನು ಕೊಂದವನು. ಹಾಗಾಗಿ ಪಟ್ಟಣ ದೇವರಿಗೆ ಆಗಿಬರುವುದಿಲ್ಲವಂತೆ. ಆದಿಕಾಂಡ 4 ತೆಗೆದು ನೋಡಿದೆ. ಊರು ಕಟ್ಟಿ ಮಗ ಹನೋಕನ ಹೆಸರಿಟ್ಟ ಅಂತ ಇದೆ, ನಿಜ. ಆದರೆ ನಮ್ಮ ಅಣ್ಣ, ಅತ್ತಿಗೆ ಹೋದ ವಾರವಷ್ಟೇ ಬೆಂಗಳೂರಿಗೆ ಗುಳೆ ಹೋದರು. ಅವರು ದೇವರು ಬೆಂಕಿ ಸುರಿಸಿ ನಾಶಮಾಡಿದ ಸೊದೋಮ್ ಪಟ್ಟಣಕ್ಕೆ ಹೋದ ಹಾಗಾಯ್ತಾ?

ಸಿರುಗುಪ್ಪದ ಭತ್ತ:
ಹೆಚ್ಚುಕಡಿಮೆ ಹಾಗೇ. ಹೆಸರು ಮಾಡಿಕೊಳ್ಳೋಣ ಅಂತ ಬಾಬೆಲಿನವರು ಆಕಾಶ ಮುಟ್ಟುವ ಗೋಪುರಕ್ಕೆ ಕೈಹಾಕಿದರು. ಆ ಸೊಕ್ಕೇ ಪಟ್ಟಣದ ಬುದ್ಧಿ. ಅಬ್ರಹಾಮ ಡೇರೆಯಲ್ಲಿ ಚೆನ್ನಾಗಿದ್ದ. ಅವನ ಸಹೋದರನ ಮಗ ಲೋಟ ಸೊದೋಮ್ ಸೇರಿ ಕೆಟ್ಟ.

ಗುಡ್ಡದ ಕೆಳಗಿನ ಅಕ್ಕ:
ಅಣ್ಣಾ, ಅದೇ ಅಬ್ರಹಾಮ ಸೊದೋಮ್ ಉಳಿಸಲು ದೇವರ ಜೊತೆ ಚೌಕಾಸಿ ಮಾಡಿದ್ದು ಮರೆತಿರಾ? 50 ನೀತಿವಂತರಿದ್ದರೆ ಊರು ಉಳಿಸು ಅಂತ ಶುರುಮಾಡಿ 10ಕ್ಕೆ ಇಳಿಸಿದ. ಡೇರೆಯಲ್ಲಿದ್ದುಕೊಂಡೇ ಅವನು ಕಾಯುತ್ತಿದ್ದದ್ದು ದೇವರು ಕಟ್ಟುವ ಪಟ್ಟಣಕ್ಕೆ, ಇಬ್ರಿಯರಿಗೆ 11 ಓದಿ. ಸೊದೋಮಿನ ತಪ್ಪು ಏನು ಅಂತ ಯೆಹೆಜ್ಕೇಲ 16ರಲ್ಲಿದೆ. ಹೊಟ್ಟೆ ತುಂಬಿತ್ತು, ಬಡವರಿಗೆ ಕೈ ಚಾಚಲಿಲ್ಲ. ಅದು ಹಳ್ಳಿಯಲ್ಲೂ ನಡೆಯುತ್ತೆ, ಅಲ್ವಾ?

ತೋರಣಗಲ್ಲು ಶಿಫ್ಟ್:
ಯೆರೆಮೀಯ 29 ಯಾರೂ ಎತ್ತಲಿಲ್ಲವಲ್ಲ. ಯೆರೂಸಲೇಮಿನವರನ್ನು ಬಾಬಿಲೋನಿಗೆ ಎಳೆದೊಯ್ದಿದ್ದರು. ಎರಡೇ ವರ್ಷ, ವಾಪಸ್ ಬರ್ತೀರಿ ಅಂತ ಸುಳ್ಳು ಪ್ರವಾದಿ ಹನನ್ಯ ಆಸೆ ಹುಟ್ಟಿಸಿದ್ದ. ಯೆರೆಮೀಯ ಬರೆದದ್ದು ಬೇರೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಊರಿಗಾಗಿ ಪ್ರಾರ್ಥಿಸಿ. ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರ್ತೀರಿ. ಶತ್ರುವಿನ ಊರು ಅದು! ನಮ್ಮ ಗುಳೆಯವರಿಗೇ ಬರೆದ ಕಾಗದ ಅನ್ನಿಸುತ್ತೆ.

ಸಿರುಗುಪ್ಪದ ಭತ್ತ:
ಮನೆ ಕಟ್ಟಿಕೊಳ್ಳಿ ಅನ್ನೋದು ಸುಲಭ. ಬೆಂಗಳೂರಲ್ಲಿ ಕಟ್ಟುವವರು ನಮ್ಮವರು. ಮಲಗೋದು ತಗಡಿನ ಶೆಡ್ಡಲ್ಲಿ.

ಗುಡ್ಡದ ಕೆಳಗಿನ ಅಕ್ಕ:
ಈ ಮಾತಿಗೆ ನಾನು ಎದುರಾಡಲ್ಲ. ಯೆಶಾಯ 65 ಸಿಟ್ಟಾಗೋದೂ ಇದಕ್ಕೇ. ದೇವರು ಹೊಸದು ಮಾಡುವ ಯೆರೂಸಲೇಮಿನಲ್ಲಿ ಕಟ್ಟಿದವರೇ ಇರ್ತಾರೆ, ಒಬ್ಬರು ಕಟ್ಟಿ ಇನ್ನೊಬ್ಬರು ಇರೋದಿಲ್ಲ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಬರುವ ಹೊಸ ಯೆರೂಸಲೇಮ್ ಪಟ್ಟಣಕ್ಕೆ 12 ಬಾಗಿಲು, ಒಂದೂ ಮುಚ್ಚೋದಿಲ್ಲ. ಬಳ್ಳಾರಿ ಕೋಟೆ ನೋಡಿ ಬೆಳೆದವಳಿಗೆ ಇದು ತಮಾಷೆ. ಬಾಗಿಲು ಮುಚ್ಚದಿದ್ದರೆ ಗೋಡೆ ಯಾಕೆ?

ತೋರಣಗಲ್ಲು ಶಿಫ್ಟ್:
ಇನ್ನೊಂದು ಮಾತು. ಶಿಷ್ಯರಿಗೆ ಕ್ರೈಸ್ತರು ಅನ್ನೋ ಹೆಸರು ಬಿದ್ದದ್ದೇ ಅಂತಿಯೋಕ್ಯ ಪಟ್ಟಣದಲ್ಲಿ. ಬೈಬಲನ್ನು ಕನ್ನಡಕ್ಕೆ ತಂದ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದದ್ದು ಯಾವ ಹಳ್ಳಿಗೂ ಅಲ್ಲ, ದಂಡು ಬೀಡುಬಿಟ್ಟಿದ್ದ ಬಳ್ಳಾರಿಗೆ.

ಕೌಲ್‌ಬಜಾರ್ ಹುಡುಗ:
ಯೆಶಾಯನ ವಚನ ಅಣ್ಣನಿಗೆ ವಾಟ್ಸಾಪ್ ಮಾಡಿದೆ. ಹದಿನಾಲ್ಕನೇ ಮಹಡಿಯಲ್ಲಿ ಪ್ಲಾಸ್ಟರ್ ಕೆಲಸದಲ್ಲಿದ್ದನಂತೆ. ‘ಓದಿದೆ. ಅಡ್ವಾನ್ಸ್ ಎಷ್ಟು ಕೇಳ್ತಾರೆ?’ ಅಂತ ಬಂತು.