ಗೋಡೆಗೆ ಹಚ್ಚುವ ಮೊದಲು ಅದು ಎಂಥ ಗೋಡೆ ಅಂತ ನೋಡಿ

ಸುಹಾಸ, ನಿನ್ನ ಮೆಸೇಜ್ ನೋಡಿದೆ, ಅದರ ಕೆಳಗೆ ಚಿಕ್ಕಪ್ಪ ಕೇಳಿದ್ದನ್ನೂ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೇಳಿಸಿಕೊಳ್ಳಿ. ಪುಟ್ಟ ಸಂಜೆ ಮೃದಂಗ ನುಡಿಸುವಾಗ ಪಕ್ಕದ ರೂಮಿನಲ್ಲಿ ನಿತ್ಯಾಳ ಆಫೀಸ್ ಕಾಲ್ ಇರುತ್ತದೆ, ಅವಳಿಗೆ ಎದುರಿನವರ ಮಾತೇ ಕೇಳುವುದಿಲ್ಲ, ಗೋಡೆಯ ಎರಡು ಬೋರ್ಡಿನ ನಡುವೆ ಹಾಕುವ, ಅದುರು ಹೀರುವ ಡ್ಯಾಂಪಿಂಗ್ ಕಾಂಪೌಂಡ್ ತರಿಸಲಾ ಅಂತ ನೀನು ನ್ಯೂಜೆರ್ಸಿಯಿಂದ ಕೇಳಿದ್ದೀಯ. ಜಯನಗರದ ಫ್ಲಾಟಿನಲ್ಲಿ ಪಕ್ಕದವರ ಟಿವಿ ನಮ್ಮ ಮಲಗುವ ಕೋಣೆಗೆ ಕೇಳುತ್ತದೆ, ಅದನ್ನೇ ನಮ್ಮ ಗೋಡೆಗೂ ಬಳಿದರೆ ನಿಲ್ಲುತ್ತದಾ ಅಂತ ಚಿಕ್ಕಪ್ಪ ಕೇಳಿದ್ದಾರೆ.

ಸುಹಾಸ, ನಿನ್ನ ಗೋಡೆಗೆ ಅದು ಕೆಲಸ ಮಾಡುತ್ತದೆ. ಚಿಕ್ಕಪ್ಪ, ನಿಮ್ಮ ಗೋಡೆಗೆ ಅದರಿಂದ ಏನೂ ಆಗುವುದಿಲ್ಲ, ದಯವಿಟ್ಟು ದುಡ್ಡು ಹಾಕಬೇಡಿ. ಒಂದೇ ವಸ್ತು ಒಂದು ಕಡೆ ಹಿಡಿದು ಇನ್ನೊಂದು ಕಡೆ ಯಾಕೆ ಹಿಡಿಯುವುದಿಲ್ಲ ಅಂತ ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ಅಮೆರಿಕದ ಮನೆಗಳ ಒಳಗೋಡೆ ಅಂದರೆ ಏನು? 16 ಇಂಚಿಗೊಂದು ಮರದ ಸ್ಟಡ್, ಅಂದರೆ ನಿಲ್ಲಿಸಿದ ಪಟ್ಟಿ, ಆಚೆ ಈಚೆ ಅರ್ಧ ಇಂಚಿನ ಡ್ರೈವಾಲ್ ಅನ್ನುವ ಜಿಪ್ಸಂ ಬೋರ್ಡ್, ನಡುವೆ ಬರೀ ಗಾಳಿ. ಹೊರಗೋಡೆಗೆ ಗಾಜಿನ ಎಳೆಯಂಥ ಉಣ್ಣೆ ತುಂಬಿರುತ್ತಾರೆ, ಒಳಗೋಡೆಗೆ ಸಾಮಾನ್ಯವಾಗಿ ತುಂಬಿರುವುದಿಲ್ಲ. ಇಂಥ ಗೋಡೆಯ ಎಸ್‌ಟಿಸಿ ಸುಮಾರು 33. ಎಸ್‌ಟಿಸಿ ಅಂದರೆ ಗೋಡೆ ಎಷ್ಟು ಶಬ್ದ ತಡೆಯುತ್ತದೆ ಅನ್ನುವುದಕ್ಕೆ ಅಲ್ಲಿ ಬಳಸುವ ಅಂಕಿ. 30ರ ಆಸುಪಾಸಿನಲ್ಲಿ ಪಕ್ಕದ ರೂಮಿನ ಜೋರು ಮಾತು ಚೆನ್ನಾಗಿಯೇ ತಿಳಿಯುತ್ತದೆ. 50ಕ್ಕೆ ಹೋದರೆ ಜೋರು ಮಾತೂ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಮಾತಿಗೇ ಹೀಗಾದರೆ ಮೃದಂಗದ ಪೆಟ್ಟಿಗೆ ಆ ಗೋಡೆ ಇದ್ದೂ ಇಲ್ಲದ ಹಾಗೆ.

ಶಬ್ದ ಬಡಿದಾಗ ಆ ತೆಳು ಬೋರ್ಡ್ ನಿಜವಾಗಿ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು, ಆದರೆ ಬಾಗುತ್ತದೆ. ಆ ಅದುರು ಸ್ಟಡ್ ಮೂಲಕ ಆಚೆ ಬೋರ್ಡಿಗೆ ಹೋಗಿ, ಆ ಬೋರ್ಡೇ ಒಂದು ಸ್ಪೀಕರ್ ಆಗುತ್ತದೆ. ಪೂಜೆಯ ಜಾಗಟೆ ಹೊಡೆದ ಕೂಡಲೇ ಅಂಗೈ ಒತ್ತಿದರೆ ನಾದ ಅಲ್ಲೇ ಸಾಯುತ್ತದಲ್ವಾ, ಡ್ಯಾಂಪಿಂಗ್ ಮಾಡುವುದೂ ಅದನ್ನೇ. ಹಳೆಯ ಬೋರ್ಡಿನ ಮೇಲೆ ಇನ್ನೊಂದು ಬೋರ್ಡ್ ಕೂರಿಸಿ, ನಡುವೆ ಈ ಅಂಟಂಟು ಕಾಂಪೌಂಡ್ ಹಾಕುತ್ತಾರೆ. ಅದು ಎಂದಿಗೂ ಕಲ್ಲಿನಂತೆ ಗಟ್ಟಿಯಾಗುವುದಿಲ್ಲ, ರಬ್ಬರಿನಂತೆ ಉಳಿಯುತ್ತದೆ. ಎರಡೂ ಬೋರ್ಡ್ ಒಟ್ಟಿಗೆ ಬಾಗಿದಾಗ ಒಂದರ ಒಳಮೈ ಇನ್ನೊಂದರ ಮೇಲೆ ಸ್ವಲ್ಪ ಜಾರುತ್ತದೆ. ನಡುವಿನ ಪದರ ಎಳೆದಾಡಿ, ಆ ಚಲನೆ ಶಾಖವಾಗಿ ಕರಗಿ ಹೋಗುತ್ತದೆ. ಅಂದರೆ ಈ ಪದರಕ್ಕೆ ಕೆಲಸ ಸಿಗಬೇಕಾದರೆ ಅದರ ಎರಡೂ ಕಡೆ ಬಾಗುವ ಹಾಳೆ ಇರಲೇಬೇಕು.

ಇಲ್ಲಿಂದ ನಿಮ್ಮ ವಿಷಯ, ಚಿಕ್ಕಪ್ಪ. ನಿಮ್ಮದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ, ಎರಡೂ ಕಡೆ ಗಾರೆ. ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 250 ಕೆಜಿ ತೂಕ. ಅದಕ್ಕೆ ಎರಡು ಜಿಪ್ಸಂ ಬೋರ್ಡ್ ನೇರವಾಗಿ ಮೆತ್ತಿದಿರಿ ಅಂತಿಟ್ಟುಕೊಳ್ಳಿ, ಜಾಸ್ತಿ ಆಗುವುದು 20 ಕೆಜಿಗಿಂತ ಕಡಿಮೆ. ಗೋಡೆಯ ತೂಕ ಎರಡು ಪಟ್ಟಾದರೆ ಹೆಚ್ಚೆಂದರೆ 6 ಡೆಸಿಬೆಲ್ ಕಡಿಮೆಯಾಗುತ್ತದೆ ಅನ್ನುವುದು ಲೆಕ್ಕ. ನಿಮ್ಮ ತೂಕ ಶೇ. 8ರಷ್ಟು ಹೆಚ್ಚಿತು, ಸಿಗುವುದು ಒಂದು ಡೆಸಿಬೆಲ್ ಕೂಡ ಅಲ್ಲ. ಅಷ್ಟು ವ್ಯತ್ಯಾಸ ಯಾರ ಕಿವಿಗೂ ಗೊತ್ತಾಗುವುದಿಲ್ಲ. ಸುಹಾಸನ ಗೋಡೆಯ ಒಂದು ಮಗ್ಗುಲು ಚದರ ಮೀಟರಿಗೆ 8 ಕೆಜಿ, ಅದರ ಮೇಲೆ ಇನ್ನೊಂದು ಬೋರ್ಡ್ ಅಂದರೆ ಆ ಮಗ್ಗುಲಿನ ತೂಕ ಎರಡು ಪಟ್ಟಿಗಿಂತ ಜಾಸ್ತಿ, ಜೊತೆಗೆ ಡ್ಯಾಂಪಿಂಗ್ ಬೇರೆ. ಇಷ್ಟೇ ವ್ಯತ್ಯಾಸ.

ಇನ್ನೂ ಒಂದು ಅಪಾಯ ಇದೆ. ಇಟ್ಟಿಗೆ ಗೋಡೆಗೆ ಮರದ ಪಟ್ಟಿ ಹೊಡೆದು, ಅರ್ಧ ಮುಕ್ಕಾಲು ಇಂಚು ಗಾಳಿ ಬಿಟ್ಟು ಬೋರ್ಡ್ ಕೂರಿಸಿದರೆ, ಆ ಸಣ್ಣ ಗಾಳಿಪದರ ಸ್ಪ್ರಿಂಗಿನ ಹಾಗೆ ವರ್ತಿಸಿ ಕೆಲವು ಕೆಳಸ್ವರಗಳನ್ನು ಮೊದಲಿಗಿಂತ ಜಾಸ್ತಿ ಮಾಡಿಬಿಡಬಹುದು. ದುಡ್ಡು ಕೊಟ್ಟು ಟಿವಿಯ ಗುಂಯ್ ಎನ್ನುವ ಸದ್ದು ಹೆಚ್ಚಿಸಿಕೊಂಡ ಹಾಗಾಗುತ್ತದೆ. ಥರ್ಮೋಕೋಲ್ ಮೇಲೆ ಪ್ಲೈವುಡ್ ಹೊಡೆದುಕೊಡುತ್ತೇವೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಮೊಟ್ಟೆ ಟ್ರೇ, ಕೋನ ಕೋನ ಇರುವ ಫೋಮ್, ಇವು ರೂಮಿನೊಳಗಿನ ಪ್ರತಿಧ್ವನಿ ಸ್ವಲ್ಪ ಇಳಿಸುತ್ತವೆ ಅಷ್ಟೇ, ಆಚೆಯ ಶಬ್ದ ತಡೆಯುವುದಿಲ್ಲ. ಫೋಮಿಗೆ ಬೆಂಕಿಯ ಭಯ ಬೇರೆ. ಜೆ.ಸಿ. ರಸ್ತೆಯಲ್ಲಿ ಕಾರಿನ ಬಾಗಿಲಿಗೆ ಅಂಟಿಸುವ ಬ್ಯುಟೈಲ್ ಹಾಳೆ ಸಿಗುತ್ತದಲ್ಲ ಅಂತ ನಿಮ್ಮ ಮಗ ಬರೆದಿದ್ದಾನೆ. ಅದು ತೆಳು ತಗಡಿಗೆ ಚೆನ್ನಾಗಿ ಹಿಡಿಯುತ್ತದೆ, ಯಾಕೆಂದರೆ ತಗಡು ಅದುರುತ್ತದೆ. ಇಟ್ಟಿಗೆಗೆ ಅಂಟಿಸಿದರೆ ಸುಮ್ನೆ ಅಂಟಿಕೊಂಡು ಕೂತಿರುತ್ತದೆ.

ಹಾಗಾದರೆ ಅಷ್ಟು ಭಾರದ ಗೋಡೆಯಿದ್ದೂ ಟಿವಿಯಲ್ಲಿ ಆಡುವ ಮಾತು ಬಿಡಿಬಿಡಿಯಾಗಿ ಯಾಕೆ ಕೇಳುತ್ತದೆ? ನನಗೆ ಅನ್ನಿಸುವುದು, ಶಬ್ದ ಇಟ್ಟಿಗೆಯ ಮೂಲಕ ಬರುತ್ತಿಲ್ಲ, ಎಲ್ಲೋ ತೂತಿನಿಂದ ಬರುತ್ತಿದೆ. ಗೋಡೆಯ ನೂರನೇ ಒಂದು ಭಾಗ ತೆರೆದಿದ್ದರೆ ಸಾಕು, ಮಿಕ್ಕಿದ್ದು ಎಷ್ಟೇ ಗಟ್ಟಿ ಇದ್ದರೂ ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ಸಾವಿರದ ಒಂದು ಭಾಗ ತೆರೆದಿದ್ದರೆ 30 ದಾಟುವುದಿಲ್ಲ. ಇವತ್ತು ರಾತ್ರಿ ಫ್ಯಾನ್ ಆರಿಸಿ, ಗೋಡೆಯ ಉದ್ದಕ್ಕೂ ಕಿವಿ ಇಟ್ಟು ಕೇಳಿ. ಸ್ವಿಚ್‌ಬೋರ್ಡ್ ಹತ್ತಿರ ಕೇಳಿ, ಎಷ್ಟೋ ಫ್ಲಾಟುಗಳಲ್ಲಿ ಎರಡೂ ಮನೆಯ ಬಾಕ್ಸ್ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ, ನಡುವೆ ಗಾರೆಯೇ ಇರುವುದಿಲ್ಲ. ಎಸಿ ಪೈಪ್ ಹೋಗುವ ತೂತು ನೋಡಿ. ಸಜ್ಜದ ಮೇಲೆ, ಫಾಲ್ಸ್ ಸೀಲಿಂಗ್ ಇದ್ದರೆ ಅದರ ಮೇಲೆ, ಗೋಡೆ ಸ್ಲ್ಯಾಬಿನ ತನಕ ಹೋಗಿದೆಯಾ ನೋಡಿ. ಕಿಟಕಿಯೂ ಮುಖ್ಯ. ಅವರ ಕಿಟಕಿಯೂ ನಿಮ್ಮ ಕಿಟಕಿಯೂ ಒಂದೇ ಪಕ್ಕಕ್ಕಿದ್ದು, ನಿಮ್ಮದು ಸಡಿಲವಾದ ಸ್ಲೈಡಿಂಗ್ ಆಗಿದ್ದರೆ, ಶಬ್ದ ಹೊರಗಿನಿಂದ ಸುತ್ತಿ ಬರುತ್ತದೆ.

ಇನ್ನೊಂದು, ಅವರ ಟಿವಿ ಇದೇ ಗೋಡೆಗೆ ಬೋಲ್ಟ್ ಹಾಕಿ ನೇತುಹಾಕಿದ್ದಾರಾ, ಕೆಳಗೆ ಸೌಂಡ್‌ಬಾರ್ ಗೋಡೆಗೇ ಬಿಗಿದಿದೆಯಾ ಅಂತ ಒಂದು ಮಾತು ಕೇಳಿ. ಇದ್ದರೆ ಸ್ಪೀಕರ್ ನೇರವಾಗಿ ಇಟ್ಟಿಗೆಯನ್ನೇ ಅದುರಿಸುತ್ತಿದೆ. ಅದನ್ನು ಇಳಿಸಿ ಒಂದು ಮೇಜಿನ ಮೇಲೆ ರಬ್ಬರ್ ತುಂಡು ಹಾಕಿ ಇಟ್ಟರೆ ಅರ್ಧ ಸಮಸ್ಯೆ ಹೋಗಬಹುದು. ನೀವು ಅವರ ಜೊತೆ ಚೆನ್ನಾಗಿದ್ದೀರಿ, ಕಾಫಿಗೆ ಕರೆದು ಹೇಳಿ, ಜಗಳದ ಧಾಟಿ ಬೇಡ.

ಇದೆಲ್ಲ ಆದ ಮೇಲೂ ತಡೆಯಲಾಗದಿದ್ದರೆ ಸರಿಯಾದ ದಾರಿ ಬೇರೆ ಇದೆ. ಇಟ್ಟಿಗೆಗೆ ತಾಗದ ಹಾಗೆ 10 ಮಿ.ಮೀ. ಬಿಟ್ಟು, ನೆಲಕ್ಕೂ ಸೀಲಿಂಗಿಗೂ ಮಾತ್ರ ಹಿಡಿದ 50 ಮಿ.ಮೀ. ಜಿಐ (ಸತು ಲೇಪಿಸಿದ ತಗಡಿನ) ಸ್ಟಡ್ ನಿಲ್ಲಿಸಿ, ಒಳಗೆ ಘನ ಮೀಟರಿಗೆ 48 ಕೆಜಿ ಸಾಂದ್ರತೆಯ, ಕಲ್ಲಿನ ಎಳೆಯಿಂದ ಮಾಡಿದ ರಾಕ್‌ವುಲ್ ತುಂಬಿ, ಮೇಲೆ 12.5 ಮಿ.ಮೀ.ಯ ಎರಡು ಬೋರ್ಡ್. ಹಾಗೆ ಮಾಡುವುದಾದರೆ ಆ ಎರಡು ಬೋರ್ಡಿನ ನಡುವೆ ಕಾಂಪೌಂಡ್ ಹಾಕಿದರೆ ಅರ್ಥವಿದೆ, ಅಲ್ಲಿ ಅವು ಬಾಗುತ್ತವೆ. ರೂಮಿನಲ್ಲಿ ಮೂರೂವರೆ ಇಂಚು ಜಾಗ ಹೋಗುತ್ತದೆ. ನಿಮ್ಮ ಮಂಚ, ಬೀರು ಎಲ್ಲ ಅಳೆದು ಆಮೇಲೆ ತೀರ್ಮಾನ ಮಾಡಿ.

ಸುಹಾಸ, ಈಗ ನೀನು. ಮೊದಲು ಬಾಗಿಲು. ಅಲ್ಲಿನ ಒಳಬಾಗಿಲು ಹೆಚ್ಚಾಗಿ ಟೊಳ್ಳು, ಕೆಳಗೆ ಮುಕ್ಕಾಲು ಇಂಚು ಸಂದು. ಪುಟ್ಟ ಮೃದಂಗದ ಬಲಗಡೆ ಹೊಡೆಯುವ ಚಾಪು ಪೆಟ್ಟಿನ ಸದ್ದು ಆ ಸಂದಿನಿಂದ ಕಾರಿಡಾರಿಗೆ ಬಂದು ನಿತ್ಯಾಳ ಬಾಗಿಲ ಕೆಳಗಿನಿಂದ ನುಗ್ಗುತ್ತಿರುತ್ತದೆ. ಎರಡೂ ರೂಮಿಗೆ ಸಾಲಿಡ್ ಕೋರ್ ಬಾಗಿಲು, ಸುತ್ತ ರಬ್ಬರ್ ಸೀಲ್, ಕೆಳಗೆ ಡೋರ್ ಸ್ವೀಪ್ ಹಾಕಿಸು. ಆದರೆ ಒಂದು ಎಚ್ಚರ. ಆ ಮನೆಗಳಲ್ಲಿ ಹೀಟರ್ ಗಾಳಿ ವಾಪಸ್ ಹೋಗುವುದು ಎಷ್ಟೋ ಸಲ ಬಾಗಿಲ ಕೆಳಗಿನ ಆ ಸಂದಿನಿಂದಲೇ. ರೂಮಿನಲ್ಲಿ ಬೇರೆ ರಿಟರ್ನ್ ಗ್ರಿಲ್ ಇದೆಯಾ ನೋಡು. ಇಲ್ಲದೆ ಸಂದು ಮುಚ್ಚಿದರೆ ಚಳಿಗಾಲದಲ್ಲಿ ಮಗು ಇರುವ ರೂಮಿಗೇ ಬಿಸಿಗಾಳಿ ಸರಿಯಾಗಿ ಬರುವುದಿಲ್ಲ.

ಆಮೇಲೆ ಗೋಡೆ. ಎರಡು ರೂಮಿನ ನಡುವಿನ ನಿನ್ನದೇ ಗೋಡೆ ಮಾತ್ರ ಮುಟ್ಟು. ಪಕ್ಕದ ಮನೆಯ ಜೊತೆ ಹಂಚಿಕೊಂಡಿರುವುದು ಬೆಂಕಿ ತಡೆಯುವ ಗೋಡೆ, ಅದಕ್ಕೆ ಗರಗಸ ಹಾಕಬೇಡ. ಒಂದು ಕಡೆಯ ಬೋರ್ಡ್ ಬಿಚ್ಚಲು ಮನಸ್ಸಿದ್ದರೆ ಬಿಚ್ಚಿ ಉಣ್ಣೆ ತುಂಬಿಸು, ಅದೊಂದೇ ಮೂರು ನಾಲ್ಕು ಡೆಸಿಬೆಲ್ ಕೊಡುತ್ತದೆ. ಬೇಡವಾದರೆ ಹಳೆಯದರ ಮೇಲೆಯೇ 5/8 ಇಂಚಿನ ಹೊಸ ಬೋರ್ಡ್. 4 ಅಡಿ 8 ಅಡಿಯ ಒಂದು ಹಾಳೆಗೆ ಕಾಂಪೌಂಡಿನ ದೊಡ್ಡ 28 ಔನ್ಸ್ ಟ್ಯೂಬ್ ಎರಡು ಬೇಕು. ಒಂದರಲ್ಲಿ ಸುಧಾರಿಸೋಣ ಅನ್ನಬೇಡ. ನಿನ್ನ 12 ಅಡಿ ಗೋಡೆಗೆ ಮೂರು ಹಾಳೆ, ಆರು ಟ್ಯೂಬ್. ಮನೆಯಲ್ಲಿರುವ, ಟ್ಯೂಬ್ ಹಿಂಡುವ ಸಾಮಾನ್ಯ ಗನ್‌ಗೆ ಆ ಟ್ಯೂಬ್ ಕೂರುವುದಿಲ್ಲ, ಕ್ವಾರ್ಟ್ ಸೈಜಿನ ಗನ್ ತಗೋ.

ಹೊಸ ಬೋರ್ಡಿನ ಹಿಂಬದಿಗೆ ಹೇಗೆಂದರೆ ಹಾಗೆ ಗೀಚಿದಂತೆ ಹಾಕಬೇಕು, ಅಂಚಿನಲ್ಲಿ ಎರಡು ಮೂರು ಇಂಚು ಬಿಟ್ಟು, ಹಿಡಿಯಲು ಜಾಗ ಬೇಕಲ್ಲ. ಹಾಕಿದ 15 ನಿಮಿಷದೊಳಗೆ ಬೋರ್ಡ್ ಗೋಡೆಗೆ ಏರಬೇಕು. ಒಂದು ಹಾಳೆ 30 ಕೆಜಿ, ಒಬ್ಬನೇ ಎತ್ತಬೇಡ, ಗೆಳೆಯನನ್ನು ಕರೆ. ಕಾಂಪೌಂಡ್ ಬೋರ್ಡನ್ನು ಹಿಡಿದಿಡುವ ಅಂಟಲ್ಲ, ಹಿಡಿಯುವುದು ಸ್ಕ್ರೂ. 2 ಇಂಚಿನ ಸ್ಕ್ರೂ ಸ್ಟಡ್‌ಗೇ ಹೋಗಬೇಕು. ದುಬಾರಿ ಆಯಿತು ಅಂತ ಅದರ ಬದಲು ಗಟ್ಟಿಯಾಗುವ ಕನ್‌ಸ್ಟ್ರಕ್ಷನ್ ಗ್ಲೂ ಹಾಕುವವರಿದ್ದಾರೆ. ಅದನ್ನು ಮಾತ್ರ ಮಾಡಬೇಡ. ಆಗ ಎರಡು ಬೋರ್ಡ್ ಸೇರಿ ಒಂದೇ ದಪ್ಪ ಗಡಸು ಹಲಗೆ ಆಗುತ್ತದೆ. ಪ್ರತಿ ಹಲಗೆಗೂ ತಾನೇ ಸುಲಭವಾಗಿ ಅದುರುವ ಒಂದು ಸ್ವರ ಇರುತ್ತದೆ, ಅಲ್ಲಿ ಶಬ್ದ ಸಲೀಸಾಗಿ ದಾಟುತ್ತದೆ. ಅರ್ಧ ಇಂಚಿನ ಜಿಪ್ಸಂಗೆ ಅದು 2500ರಿಂದ 3000 ಹರ್ಟ್ಸ್. ದಪ್ಪ ಎರಡು ಪಟ್ಟಾದರೆ ಅದು ಅರ್ಧಕ್ಕಿಳಿದು ಮಾತಿನ ನಟ್ಟನಡುವೆ ಬಂದು ಕೂರುತ್ತದೆ.

ಬೋರ್ಡಿನ ಸುತ್ತ ಕಾಲು ಇಂಚು ಬಿಟ್ಟು, ಆ ಸಂದಿಗೆ ಒಣಗಿ ಬಿರಿಯದ ಅಕೌಸ್ಟಿಕ್ ಸೀಲೆಂಟ್ ತುಂಬು. ನನ್ನ ಅನುಭವದಲ್ಲಿ ಜನ ಕೈಬಿಡುವುದು ಇದನ್ನೇ, ಕೆಲಸ ಕೆಡುವುದೂ ಇಲ್ಲೇ. ಸ್ವಿಚ್ ಬಾಕ್ಸ್ ಹಿಂದೆ ಪುಟ್ಟಿ ಪ್ಯಾಡ್, ಗೋಡೆ ದಪ್ಪವಾದ್ದರಿಂದ ಬಾಕ್ಸಿಗೆ ಎಕ್ಸ್‌ಟೆನ್ಷನ್ ರಿಂಗ್. ಬ್ರೇಕರ್ ಆಫ್ ಮಾಡಿ ಮುಟ್ಟು. ಮುಗಿದ ಮರುದಿನವೇ ಕೇಳಿ ಬೇಜಾರು ಮಾಡಿಕೊಳ್ಳಬೇಡ, ಆ ಕಾಂಪೌಂಡ್ ಹದಕ್ಕೆ ಬರಲು ಒಂದು ತಿಂಗಳಾದರೂ ಬೇಕು.

ಇಷ್ಟೆಲ್ಲ ಮಾಡಿದರೂ ಮೃದಂಗದ ಎಡಮುಖದ, ಅಂದರೆ ತೊಪ್ಪಿಯ, ಗುಂಕಾರ ಪೂರ್ತಿ ನಿಲ್ಲುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಕೆಳಸ್ವರ ತಡೆಯುವುದು ಎಲ್ಲಕ್ಕಿಂತ ಕಷ್ಟ. ಬೇಸ್‌ಮೆಂಟ್ ಇಲ್ಲ ಅಂತ ಬರೆದಿದ್ದೀಯ. ಹಾಗಾದರೆ ಅವನು ಕೂರುವ ಜಾಗ ಆ ಗೋಡೆಯಿಂದ ದೂರದ ಮೂಲೆಗೆ ಬರಲಿ, ಕೆಳಗೆ ದಪ್ಪ ಜಮಖಾನ, ಗೋಡೆಗೆ ತುಂಬಿದ ಪುಸ್ತಕದ ಕಪಾಟು. ಶಬ್ದದ ನೆಪದಲ್ಲಿ ಮಾತ್ರ ಅವನ ಸಾಧನೆ ನಿಲ್ಲಿಸಬೇಡಿ. ಈ ವಯಸ್ಸಿನಲ್ಲಿ ಕೈ ಕೂರುತ್ತದೆ, ಆಮೇಲೆ ಕೂರಿಸುವುದು ಬಹಳ ಕಷ್ಟ.

ರೂಪಕ್ಕ, ನೀವು ಹೇಳಿದ ಮೇಲಿನ ಮನೆಯ ಕುರ್ಚಿ ಎಳೆಯುವ ಸದ್ದಿಗೆ ಗೋಡೆಯ ಯಾವ ಚಿಕಿತ್ಸೆಯೂ ಇಲ್ಲ. ಅದು ಸ್ಲ್ಯಾಬನ್ನೇ ಹೊಡೆಯುತ್ತದೆ, ಮೇಲೆಯೇ ನಿಲ್ಲಬೇಕು. ಒಂದು ಪ್ಯಾಕೆಟ್ ಫೆಲ್ಟ್ ಪ್ಯಾಡ್ ನೀವೇ ಕೊಂಡು ಅವರಿಗೆ ಕೊಡಿ, ಮಿಕ್ಸಿಯ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಇಡಲು ಹೇಳಿ.

ಸುಹಾಸ, ಆರ್ಡರ್ ಮಾಡುವ ಮೊದಲು ಎರಡು ಫೋಟೋ ಹಾಕು. ಒಂದು ಆ ಗೋಡೆಯ ಸ್ವಿಚ್ ಬಾಕ್ಸುಗಳದ್ದು, ಇನ್ನೊಂದು ಎರಡೂ ರೂಮಿನ ಗಾಳಿ ಗ್ರಿಲ್‌ಗಳದ್ದು. ಎರಡಕ್ಕೂ ಒಂದೇ ಡಕ್ಟ್ ಇದ್ದರೆ ಶಬ್ದ ಅದರೊಳಗಿಂದಲೂ ಹೋಗುತ್ತಿರುತ್ತದೆ, ಅದನ್ನು ನೋಡಿ ಆಮೇಲೆ ಟ್ಯೂಬಿನ ಲೆಕ್ಕ ಹಾಕೋಣ.